ಕಡತದ ರಕ್ಷಣೆ: ಓಲೆಯ ಪ್ರತಿಯಿಂದ ಆಜ್ಞಾವಳಿಯವರೆಗೆ

೧

ಗಣಕಯಂತ್ರದಲ್ಲಿ ಒಂದು ಹೆಸರಿನ ಕೆಳಗೆ ಕೂಡಿಟ್ಟ ಬರಹಕ್ಕಾಗಲಿ ಚಿತ್ರಕ್ಕಾಗಲಿ ಈಗಿನ ಕನ್ನಡದಲ್ಲಿ ‘ಕಡತ’ವೆಂಬ ಹೆಸರು ರೂಢವಾಗಿದೆ. ಈ ಶಬ್ದವು ಹೊಸದಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಿಳಿಯ ಬಳಪದಿಂದ ಬರೆಯುತ್ತಿದ್ದ ಕರಿಯ ಪುಸ್ತಕವನ್ನು ನಮ್ಮ ಹಿರಿಯರು ಕಡತವೆಂದೂ ಕಡಿತವೆಂದೂ ಕರೆಯುತ್ತಿದ್ದರು. ವರ್ತಕರ ಲೆಕ್ಕವೂ ಮಠಮಾನ್ಯಗಳ ಆಯವ್ಯಯವೂ ಅದರಲ್ಲಿ ಬರೆಯಲ್ಪಡುತ್ತಿದ್ದವು. ಶೃಂಗೇರಿಯ ಮಠದಲ್ಲಿ ಉಳಿದಿರುವ ಕಡತಗಳು ನಾಡಿನ ಇತಿಹಾಸವನ್ನು ಬರೆಯುವವರಿಗೆ ಎಷ್ಟು ಉಪಕಾರಕವಾಗಿವೆಯೆಂಬುದು ವಾಚಕರಿಗೆ ವಿದಿತವೇ ಆಗಿದೆ.

ಕಡತದ ಗುಣವೇನೆಂದರೆ, ಬರೆದುದನ್ನು ಒರಸಿ ಅದೇ ಮಡಿಕೆಯಲ್ಲಿ ಮತ್ತೆ ಬರೆಯಬಹುದು. ಅದರ ದೋಷವೂ ಇದೇ. ತಾಳೆಯೋಲೆಯಲ್ಲಿ ಕಂಟದಿಂದ ಕೊರೆದ ಅಕ್ಷರವು ಓಲೆಯು ಮುರಿಯುವವರೆಗೆ ನಿಲ್ಲುತ್ತದೆ. ಕಡತದ ಅಕ್ಷರವು ಒದ್ದೆಯ ಕೈಯೊಂದು ತಗಲಿದರೆ ಹೋಗುತ್ತದೆ. ಯಂತ್ರದ ಹಾರ್ಡ್ ಡಿಸ್ಕ್ ಈ ವಿಷಯದಲ್ಲಿ ಓಲೆಯ ಜಾತಿಗೆ ಸೇರಿದುದಲ್ಲ, ಕಡತದ ಜಾತಿಗೆ ಸೇರಿದುದು. ಆದಕಾರಣ ಹೆಸರಿಟ್ಟವರು ತಿಳಿದು ಇಟ್ಟರೋ ತಿಳಿಯದೆ ಇಟ್ಟರೋ, ಹೆಸರು ಅನ್ವರ್ಥವಾಗಿಯೇ ಇದೆ.

ಭಾರತ ಸರ್ಕಾರದ ರಾಷ್ಟ್ರೀಯ ಹಸ್ತಪ್ರತಿ ಯೋಜನೆಯು ೨೦೦೩ರಲ್ಲಿ ಆರಂಭವಾದ ಮೇಲೆ ದೇಶದ ಓಲೆಗಳು ಛಾಯಾಚಿತ್ರಗಳಾಗಿ ಈ ಹೊಸ ಕಡತಗಳನ್ನು ಹೊಗುತ್ತಿವೆ. ಅಳಿಯದ ಅಕ್ಷರವನ್ನು ಅಳಿಯುವ ಅಕ್ಷರಕ್ಕೆ ಒಪ್ಪಿಸಿಕೊಡುವ ಈ ಕಾಲದಲ್ಲಿ, ಆ ಕಡತಗಳಿಗೆ ಪ್ರತಿಗಳನ್ನು ಯಾರು, ಯಾವ ಕ್ರಮದಿಂದ ಮಾಡುತ್ತಾರೆ ಎಂಬ ಪ್ರಶ್ನೆಯು ಹಸ್ತಪ್ರತಿಗಳ ನಗರವಾದ ಮೈಸೂರಿಗೆ ಮುಖ್ಯವಾದುದು. ಹಿಂದೆ ಲಿಪಿಕಾರನು ಮಾಡುತ್ತಿದ್ದ ಕೆಲಸವನ್ನು ಇಂದು ‘ಸ್ಕ್ರಿಪ್ಟ್’ ಎಂಬ ಆಜ್ಞೆಗಳ ಪಟ್ಟಿಯು ಮಾಡುತ್ತದೆ. ಈ ಲೇಖನದಲ್ಲಿ ಅದನ್ನು ಆಜ್ಞಾವಳಿಯೆಂದೂ, ಬ್ಯಾಕಪ್ ಎಂಬುದನ್ನು ರಕ್ಷಾಪ್ರತಿಯೆಂದೂ ಕರೆಯುವೆವು. ಹಳೆಯ ವಿಧಿಯ ಯಾವ ಅಂಗಗಳು ಹೊಸ ವಿಧಿಯಲ್ಲಿ ಉಳಿದಿವೆ, ಯಾವುದು ಉಳಿದಿಲ್ಲ ಎಂಬುದನ್ನು ವಿಚಾರಮಾಡುವುದೇ ಇಲ್ಲಿಯ ಉದ್ದೇಶ.

೨

ಪ್ರತಿಯಿಂದ ಗ್ರಂಥವು ಬದುಕುತ್ತದೆ, ಪ್ರತಿಯಿಲ್ಲದೆ ಸಾಯುತ್ತದೆ ಎಂಬುದಕ್ಕೆ ಕನ್ನಡ ಸಾಹಿತ್ಯದಲ್ಲಿ ಪೊನ್ನನ ಕೃತಿಗಳಿಗಿಂತ ಸ್ಪಷ್ಟವಾದ ನಿದರ್ಶನವು ದೊರೆಯದು. ಹತ್ತನೆಯ ಶತಮಾನದ ಈ ಕವಿಯು ಶಾಂತಿಪುರಾಣವನ್ನೂ ಭುವನೈಕರಾಮಾಭ್ಯುದಯವನ್ನೂ ರಚಿಸಿದನು. ದಾನಚಿಂತಾಮಣಿಯೆಂದು ಪ್ರಸಿದ್ಧಳಾದ ಅತ್ತಿಮಬ್ಬೆಯು ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಖ್ಯಾತವಾದ ಸಂಗತಿ. ಅದು ನಮಗೆ ಉಳಿದು ಬಂದಿದೆ. ಭುವನೈಕರಾಮಾಭ್ಯುದಯವು ಇಂದಿಗೂ ದೊರೆತಿಲ್ಲ. ಅದೇ ಅತ್ತಿಮಬ್ಬೆಯ ಆಶ್ರಯದಲ್ಲಿ ೯೯೩ರಲ್ಲಿ ಅಜಿತಪುರಾಣವನ್ನು ಬರೆದ ರನ್ನನ ಪರಶುರಾಮಚರಿತವೂ ಚಕ್ರೇಶ್ವರಚರಿತವೂ ನಷ್ಟವಾಗಿವೆ. ಒಂದನೆಯ ಗುಣವರ್ಮನ ಶೂದ್ರಕ ಹರಿವಂಶಗಳಲ್ಲಿ ಇತರರು ಉದ್ಧರಿಸಿದ ಬಿಡಿಪದ್ಯಗಳು ಮಾತ್ರ ನಿಂತಿವೆ. ಈ ಗ್ರಂಥಗಳು ಕಾವ್ಯಗುಣದಲ್ಲಿ ಕಡಮೆಯಾಗಿದ್ದುದರಿಂದ ಅಳಿದವೆಂದು ಹೇಳುವುದಕ್ಕೆ ಆಧಾರವಿಲ್ಲ. ಪ್ರತಿಗಳು ಸಾಲದೆ ಹೋದವೆಂದು ಹೇಳುವುದೇ ಯುಕ್ತ.

ಪ್ರತಿಗಳ ಸಂಖ್ಯೆಯೊಂದೇ ಸಾಲದು. ನಮ್ಮ ಪೂರ್ವಿಕರ ಪ್ರತಿಲೇಖನದಲ್ಲಿ ನಾಲ್ಕು ಅಂಗಗಳನ್ನು ಗುರುತಿಸಬಹುದು. ಮೊದಲನೆಯದು ಲೇಖನ, ಎಂದರೆ ಮಾತೃಕೆಯನ್ನು ಮುಂದಿಟ್ಟುಕೊಂಡು ಬರೆಯುವುದು. ಎರಡನೆಯದು ಗಣನೆ. ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥವೆಂದು ಲೆಕ್ಕಹಾಕಿ, ಓಲೆಯ ಕೊನೆಯಲ್ಲಿ ಗ್ರಂಥಸಂಖ್ಯೆಯನ್ನು ಬರೆಯುತ್ತಿದ್ದರು. ಲಿಪಿಕಾರನ ಕೂಲಿಗೆ ಇದು ಅಳತೆ, ಪಾಠವು ಎಲ್ಲಿಯೂ ಜಾರಿಲ್ಲವೆಂಬುದಕ್ಕೆ ಸಾಕ್ಷಿ. ಮೂರನೆಯದು ಶೋಧನ. ಒಬ್ಬನು ಮಾತೃಕೆಯನ್ನು ಓದುತ್ತಿರಲು ಮತ್ತೊಬ್ಬನು ಪ್ರತಿಯನ್ನು ನೋಡುತ್ತ ಬಿಟ್ಟ ಅಕ್ಷರವನ್ನು ಅಂಚಿನಲ್ಲಿ ಸೇರಿಸುತ್ತಿದ್ದನು. ನಾಲ್ಕನೆಯದು ಸ್ಥಾನಾಂತರನ್ಯಾಸ, ಎಂದರೆ ಪ್ರತಿಯನ್ನು ಬೇರೊಂದು ಮಠ, ಬಸದಿ ಅಥವಾ ಮನೆಯಲ್ಲಿ ಇರಿಸುವುದು. ಮೈಸೂರಿನ ಹಳೆಯ ಮರದ ಅರಮನೆಯು ೧೮೯೭ರಲ್ಲಿ ಬೆಂಕಿಗೆ ಆಹುತಿಯಾದುದನ್ನು ನೆನೆದರೆ, ಎರಡು ಪ್ರತಿಗಳನ್ನು ಒಂದೇ ಮಾಡಿನ ಕೆಳಗೆ ಇಡುವುದರ ಅಪಾಯವನ್ನು ವಿವರಿಸಬೇಕಾದುದಿಲ್ಲ.

ವೇದಪಾಠದಲ್ಲಂತೂ ಗಣನೆಯೂ ಶೋಧನವೂ ಒಂದು ಶಾಸ್ತ್ರವಾಗಿ ಬೆಳೆದುವು. ಋಗ್ವೇದದ ಅಕ್ಷರಗಳು ೪,೩೨,೦೦೦ ಎಂದೂ ಪದಗಳು ೧,೫೩,೮೨೬ ಎಂದೂ ಅನುಕ್ರಮಣಿಯ ಸಂಪ್ರದಾಯವು ಎಣಿಸಿಟ್ಟಿದೆ. ಪದ, ಕ್ರಮ, ಜಟೆ, ಘನ ಎಂಬ ಪಾಠಗಳಲ್ಲಿ ಅದೇ ಪದವು ಬೇರೆ ಬೇರೆ ಜೋಡಣೆಯಲ್ಲಿ ಮತ್ತೆ ಮತ್ತೆ ಬರುವುದರಿಂದ, ಒಂದು ಪಾಠದಲ್ಲಿ ನುಸುಳಿದ ಅಪಸ್ವರವನ್ನು ಮತ್ತೊಂದು ಪಾಠವು ತೋರಿಸಿಕೊಡುತ್ತದೆ. ಬರಹದ ಸಹಾಯವಿಲ್ಲದೆ ಕಂಠದಲ್ಲಿಯೇ ರಕ್ಷಿಸಬೇಕಾಗಿದ್ದವರು ದ್ವಿರುಕ್ತಿಯನ್ನು ರಕ್ಷಣೆಯ ಸಾಧನವನ್ನಾಗಿ ಮಾಡಿಕೊಂಡರು.

೩

ಮೈಸೂರಿಗೆ ಬರೋಣ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ೧೮೯೧ರಲ್ಲಿ, ಇಲ್ಲಿ ಸ್ಥಾಪಿತವಾದ ಸರ್ಕಾರಿ ಪ್ರಾಚ್ಯ ಪುಸ್ತಕಭಂಡಾರವು ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿ, ೧೯೪೩ರಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೆಸರನ್ನು ಪಡೆಯಿತು. ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಈ ಭಂಡಾರಕ್ಕೆ ತಂದೊಪ್ಪಿಸಿದ ಗ್ರಂಥಲಿಪಿಯ ಓಲೆಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ೧೯೦೫ರಲ್ಲಿ ಲೋಕಕ್ಕೆ ತಿಳಿಸಿದರು. ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಅದಕ್ಕೆ ಮೊದಲು ಇತರ ಗ್ರಂಥಗಳ ಉಲ್ಲೇಖಗಳಿಂದ ಮಾತ್ರ ವಿದ್ವಾಂಸರು ಅದನ್ನು ಬಲ್ಲವರಾಗಿದ್ದರು. ಮುದ್ರಣವಾದ ಕೂಡಲೆ ಅದು ಒಂದು ಊರಿನ ಒಂದು ಕಟ್ಟಿಗೆ ಅಂಟಿಕೊಂಡ ಪ್ರಾಣವನ್ನು ಬಿಟ್ಟು ನೂರು ಊರುಗಳಲ್ಲಿ ನೆಲೆಸಿತು. ೧೯೨೪–೨೫ರಲ್ಲಿ ತಿರುವನಂತಪುರದ ಗಣಪತಿಶಾಸ್ತ್ರಿಗಳು ಮಲೆಯಾಳ ಲಿಪಿಯ ಮಾತೃಕೆಯನ್ನೂ ಬಳಸಿ ಮತ್ತೊಂದು ಆವೃತ್ತಿಯನ್ನು ಹೊರತಂದ ಮೇಲೆ ಪಾಠಗಳನ್ನು ಒಂದರೊಡನೊಂದು ತೂಗಿನೋಡುವುದು ಸಾಧ್ಯವಾಯಿತು.

ಈ ಗ್ರಂಥವು ನಮ್ಮ ವಿಷಯಕ್ಕೆ ಎರಡು ವಿಧದಲ್ಲಿ ಪ್ರಕೃತವಾಗಿದೆ. ಒಂದನೆಯದು: ಮೊದಲನೆಯ ಅಧ್ಯಾಯದಲ್ಲಿಯೇ ತನ್ನಲ್ಲಿ ೧೫ ಅಧಿಕರಣಗಳೂ ೧೫೦ ಅಧ್ಯಾಯಗಳೂ ೧೮೦ ಪ್ರಕರಣಗಳೂ ೬,೦೦೦ ಶ್ಲೋಕಪ್ರಮಾಣದ ಪಾಠವೂ ಇವೆಯೆಂದು ಅದು ಹೇಳಿಕೊಂಡಿದೆ. ಈಗ ದೊರೆತಿರುವ ಪಾಠವನ್ನು ಎಣಿಸಿದವರು ಅದು ಆ ಪ್ರಮಾಣಕ್ಕೆ ಕಡಮೆಯಾಗಿರುವುದನ್ನು ಕಂಡು, ಕಾರಣವನ್ನು ಚರ್ಚಿಸಿದ್ದಾರೆ. ಸಂಖ್ಯೆಯನ್ನು ಬರೆದಿಟ್ಟಿದ್ದರಿಂದಲೇ ಆ ಸಂದೇಹಕ್ಕೆ ಎಡೆಯಾಯಿತು. ಸಂಖ್ಯೆಯಿಲ್ಲದ ಗ್ರಂಥದಲ್ಲಿ ಎಷ್ಟು ಹೋಗಿದೆಯೆಂಬುದೂ ತಿಳಿಯದು. ಎರಡನೆಯದು: ಅದರ ಎರಡನೆಯ ಅಧಿಕರಣವು ಅಕ್ಷಪಟಲವೆಂಬ ಲೆಕ್ಕದ ಕಚೇರಿಯನ್ನೂ ಅಲ್ಲಿ ನಿಬಂಧಪುಸ್ತಕಗಳನ್ನು ಇಡುವ ಸ್ಥಾನವನ್ನೂ ವಿಧಿಸುತ್ತದೆ. ರಾಜಶಾಸನಗಳನ್ನು ಬರೆಯುವ ಲೇಖಕನ ಯೋಗ್ಯತೆಗಳನ್ನು ಹೇಳುವಾಗ, ಎಲ್ಲ ಸಂಪ್ರದಾಯಗಳ ಜ್ಞಾನ, ಶೀಘ್ರವಾದ ರಚನೆ, ಅಂದವಾದ ಅಕ್ಷರ ಇವುಗಳೊಡನೆ ಬರಹವನ್ನು ಓದಬಲ್ಲ ಸಾಮರ್ಥ್ಯವನ್ನೂ ಸೇರಿಸಿದೆ. ಬರೆಯುವವನಿಗೆ ಓದುವ ಶಕ್ತಿಯನ್ನು ಪ್ರತ್ಯೇಕವಾಗಿ ಏಕೆ ವಿಧಿಸಬೇಕು? ಓದದೆಯೂ ಬರೆಯಬಹುದೆಂಬುದು ಆ ಶಾಸ್ತ್ರಕಾರನಿಗೆ ತಿಳಿದಿತ್ತೆಂದು ತೋರುತ್ತದೆ. ಈ ಮಾತನ್ನು ವಾಚಕರು ಮನಸ್ಸಿನಲ್ಲಿಡಬೇಕು; ಮುಂದೆ ಇದರ ಪ್ರಯೋಜನವು ಕಂಡುಬರುವುದು.

೪

ಇನ್ನು ಯಂತ್ರದ ಲಿಪಿಕಾರನ ಇತಿಹಾಸ. ಐಬಿಎಂ ಸಂಸ್ಥೆಯು ೧೯೫೬ರಲ್ಲಿ ಹೊರತಂದ ಮೊದಲನೆಯ ಹಾರ್ಡ್ ಡಿಸ್ಕ್ ಐವತ್ತು ತಟ್ಟೆಗಳಿಂದ ಕೂಡಿ ಐವತ್ತು ಲಕ್ಷ ಅಕ್ಷರಗಳನ್ನು ಹಿಡಿಯುತ್ತಿತ್ತು. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯೂನಿಕ್ಸ್ ಎಂಬ ಯಂತ್ರನಿಯಾಮಕ ವ್ಯವಸ್ಥೆಯನ್ನು ಆರಂಭಿಸಿದರು. ಅದರೊಡನೆ ಮಾತನಾಡುವ ಮಾರ್ಗವು ಚಿತ್ರವನ್ನು ಒತ್ತುವುದಲ್ಲ, ಪಂಕ್ತಿಪಂಕ್ತಿಯಾಗಿ ಆಜ್ಞೆಯನ್ನು ಬರೆಯುವುದು. ಇದಕ್ಕೇ ಕಮಾಂಡ್ ಲೈನ್ ಎಂದು ಹೆಸರು. ಆಜ್ಞೆಯನ್ನು ಓದಿ ನಡೆಸುವ ಅಧಿಕಾರಿಗೆ ಶೆಲ್ ಎಂದು ಹೆಸರು. ಒಮ್ಮೆ ಬರೆದ ಆಜ್ಞೆಗಳನ್ನೇ ಒಂದು ಕಡತದಲ್ಲಿ ಕೂಡಿಟ್ಟು, ಬೇಕಾದಾಗಲೆಲ್ಲ ‘ಇದರಂತೆ ನಡೆಸು’ ಎಂದರೆ ಅದೇ ಆಜ್ಞಾವಳಿ.

೧೯೭೯ರಲ್ಲಿ ಹೊರಬಂದ ಯೂನಿಕ್ಸಿನ ಏಳನೆಯ ಆವೃತ್ತಿಯಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದ ಮೂರು ಸಾಧನಗಳು ಒಟ್ಟಿಗೆ ಕಾಣಬರುತ್ತವೆ. ಬೋರ್ನ್ ಎಂಬವನ ಹೆಸರಿನ ಶೆಲ್ ಒಂದು. ಟಾರ್ ಮತ್ತೊಂದು, ಟೇಪಿನಲ್ಲಿ ಕೂಡಿಡುವುದೆಂಬ ಅರ್ಥದ ಮಾತಿನ ಸಂಕ್ಷೇಪವಿದು, ಬಿಡಿಗರಿಗಳನ್ನು ದಾರದಲ್ಲಿ ಪೋಣಿಸಿ ಹಲಗೆಗಳ ನಡುವೆ ಕಟ್ಟುವಂತೆ ಅನೇಕ ಕಡತಗಳನ್ನು ಒಂದೇ ಕಟ್ಟನ್ನಾಗಿ ಮಾಡುತ್ತದೆ. ಮೂರನೆಯದು ಕ್ರಾನ್, ಗೊತ್ತಾದ ಕಾಲದಲ್ಲಿ ಗೊತ್ತಾದ ಆಜ್ಞೆಯನ್ನು ತಾನಾಗಿ ನಡೆಸುವ ಕಾಲಪಾಲಕ. ಕ್ರಾನಿಗೆ ಕಾಲವನ್ನು ತಿಳಿಸುವುದು ಐದು ಅಂಗಗಳಿಂದ: ನಿಮಿಷ, ಗಂಟೆ, ತಿಂಗಳ ದಿನ, ತಿಂಗಳು, ವಾರ. ವಾರಗಣನೆಯಲ್ಲಿ ಭಾನುವಾರವು ಸೊನ್ನೆ. ‘ಸೊನ್ನೆ, ಎರಡು, ನಕ್ಷತ್ರಚಿಹ್ನೆ, ನಕ್ಷತ್ರಚಿಹ್ನೆ, ಸೊನ್ನೆ’ ಎಂದು ಬರೆದರೆ ಪ್ರತಿ ಭಾನುವಾರ ರಾತ್ರಿ ಎರಡು ಗಂಟೆಗೆ ಎಂದು ಅರ್ಥ; ನಕ್ಷತ್ರಚಿಹ್ನೆಗೆ ‘ಯಾವುದಾದರೂ’ ಎಂಬ ಅರ್ಥ. ನಮ್ಮ ಪಂಚಾಂಗಕ್ಕೂ ಇದಕ್ಕೂ ಐದೆಂಬ ಸಂಖ್ಯೆಯನ್ನೂ ವಾರವನ್ನೂ ಬಿಟ್ಟರೆ ಬೇರೆ ಸಂಬಂಧವಿಲ್ಲ. ಆದರೆ ಕರ್ಮವನ್ನು ಕಾಲಕ್ಕೆ ಕಟ್ಟುವ ಉದ್ದೇಶವು ಎರಡಕ್ಕೂ ಸಮಾನ.

ನಾಲ್ಕನೆಯ ಸಾಧನವು ೧೯೯೬ರಲ್ಲಿ ಆಸ್ಟ್ರೇಲಿಯಾ ದೇಶದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮಕೆರಾಸ್ ರಚಿಸಿದ ಆರ್‌ಸಿಂಕ್. ಇದು ಮಾತೃಕೆಯನ್ನೂ ಪ್ರತಿಯನ್ನೂ ಹೋಲಿಸಿ ವ್ಯತ್ಯಾಸವಿರುವ ಭಾಗವನ್ನು ಮಾತ್ರ ಸಾಗಿಸುತ್ತದೆ. ಪಾಠಾಂತರಗಳನ್ನು ಗುರುತಿಸುವ ಸಂಪಾದಕನು ಇಡೀ ಗ್ರಂಥವನ್ನು ಮತ್ತೆ ಬರೆಯದೆ ಭೇದವನ್ನು ಮಾತ್ರ ಅಡಿಯಲ್ಲಿ ಬರೆಯುವನಷ್ಟೆ; ಅದೇ ನ್ಯಾಯ.

೫

ಇದರ ಉಪಯೋಗವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ೨೦೦ ಗರಿಗಳ ಒಂದು ಕಟ್ಟಿಗೆ ಎರಡು ಮಗ್ಗುಲುಗಳಿಂದ ೪೦೦ ಚಿತ್ರಗಳು. ಒಂದೊಂದು ಚಿತ್ರವು ೫೦ ಮೆಗಾಬೈಟ್ ಎಂದಿಟ್ಟುಕೊಂಡರೆ ಕಟ್ಟೊಂದಕ್ಕೆ ೨೦ ಗಿಗಾಬೈಟ್. ಸಾವಿರ ಕಟ್ಟುಗಳಿಗೆ ೨೦ ಟೆರಾಬೈಟ್. ಸೆಕೆಂಡಿಗೆ ೧೦೦ ಮೆಗಾಬೈಟಿನಂತೆ ನಕಲುಮಾಡಿದರೂ ಎರಡು ದಿನಗಳ ಮೇಲೆ ಏಳು ಗಂಟೆಗಳು ಹಿಡಿಯುವುವು. ಮರುತಿಂಗಳು ಹತ್ತೇ ಕಟ್ಟುಗಳು ಹೊಸದಾಗಿ ಸೇರಿದ್ದರೆ, ಭೇದಮಾತ್ರವನ್ನು ಒಯ್ಯುವ ಕ್ರಮದಿಂದ ಸಾಗಣೆಯು ಸುಮಾರು ಮೂವತ್ತಮೂರು ನಿಮಿಷಗಳಲ್ಲಿ ಮುಗಿಯುತ್ತದೆ. ಇಷ್ಟನ್ನು ಗುಮಾಸ್ತನೊಬ್ಬನು ತಿಂಗಳು ತಿಂಗಳೂ ಕೈಯಿಂದ ಮಾಡುವನೆಂದು ನಂಬುವುದು ವ್ಯರ್ಥ. ಮೊದಲ ತಿಂಗಳು ಉತ್ಸಾಹ, ಎರಡನೆಯ ತಿಂಗಳು ಮರೆವು, ಮೂರನೆಯ ತಿಂಗಳು ವರ್ಗಾವಣೆ. ಆಜ್ಞಾವಳಿಗೆ ಮರೆವೂ ಇಲ್ಲ, ವರ್ಗಾವಣೆಯೂ ಇಲ್ಲ.

ಹಳೆಯ ವಿಧಿಯ ನಾಲ್ಕು ಅಂಗಗಳು ಒಳ್ಳೆಯ ಆಜ್ಞಾವಳಿಯಲ್ಲಿ ಹೇಗೆ ಬರುತ್ತವೆಂಬುದನ್ನು ನೋಡೋಣ. ಲೇಖನವನ್ನು ಆರ್‌ಸಿಂಕ್ ಮಾಡುತ್ತದೆ. ಗಣನೆಗೆ ಚೆಕ್‌ಸಮ್ ಎಂಬ ಸಾಧನವುಂಟು. ಅಮೆರಿಕದ ಮಾನಕಸಂಸ್ಥೆಯು ೨೦೦೨ರಲ್ಲಿ ವಿಧಿಯಾಗಿ ಪ್ರಕಟಿಸಿದ ಶಾ-೨೫೬ ಎಂಬ ಗಣಿತಕ್ರಮವು ಎಷ್ಟು ದೊಡ್ಡ ಕಡತಕ್ಕಾದರೂ ಅರುವತ್ತನಾಲ್ಕು ಅಂಕಾಕ್ಷರಗಳ ಒಂದು ಮುದ್ರೆಯನ್ನು ಕೊಡುತ್ತದೆ. ಕಡತದಲ್ಲಿ ಒಂದು ಬಿಂದುವು ಬದಲಾದರೂ ಮುದ್ರೆಯು ಗುರುತೇ ಸಿಗದಂತೆ ಬದಲಾಗುತ್ತದೆ. ಗ್ರಂಥಸಂಖ್ಯೆಯು ಅಕ್ಷರಲೋಪವನ್ನು ಮಾತ್ರ ಹೇಳುತ್ತದೆ. ‘ಕ’ದ ಸ್ಥಾನದಲ್ಲಿ ‘ಗ’ ಬಂದರೆ ಅದಕ್ಕೆ ತಿಳಿಯದು. ಹೊಸ ಮುದ್ರೆಗೆ ಅದೂ ತಿಳಿಯುತ್ತದೆ. ಆದರೆ ಭೇದವು ಎಲ್ಲಿದೆಯೆಂಬುದನ್ನಾಗಲಿ ಎರಡರಲ್ಲಿ ಸಾಧುಪಾಠವು ಯಾವುದೆಂಬುದನ್ನಾಗಲಿ ಅದು ಹೇಳಲಾರದು.

ಸ್ಥಾನಾಂತರನ್ಯಾಸಕ್ಕೆ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ಮೂರು–ಎರಡು–ಒಂದು ಎಂಬ ಸೂತ್ರವಿದೆ: ಮೂರು ಪ್ರತಿಗಳು, ಎರಡು ಬಗೆಯ ಆಧಾರಗಳು, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಅನೇಕ ಡಿಸ್ಕುಗಳನ್ನು ಒಂದಾಗಿ ಜೋಡಿಸಿ, ಒಂದು ಕೆಟ್ಟರೂ ಮಿಕ್ಕವುಗಳಿಂದ ಕಾರ್ಯವು ನಡೆಯುವಂತೆ ಮಾಡುವ ರೇಡ್ ಎಂಬ ಕ್ರಮವನ್ನು ೧೯೮೮ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ವಿದ್ವಾಂಸರು ಪ್ರಕಟಿಸಿದರು. ಇದನ್ನು ರಕ್ಷಾಪ್ರತಿಯೆಂದು ಭ್ರಮಿಸುವವರುಂಟು. ಡಿಸ್ಕು ಕೆಟ್ಟರೆ ಅದು ಕಾಪಾಡುತ್ತದೆ, ನಿಜ. ಆದರೆ ಕಡತವನ್ನು ಅಳಿಸೆಂದು ಆಜ್ಞೆಯಿತ್ತರೆ ಎಲ್ಲ ಡಿಸ್ಕುಗಳೂ ಏಕಕಾಲದಲ್ಲಿ ವಿಧೇಯವಾಗಿ ಅಳಿಸುತ್ತವೆ.

ಇದೇ ದೋಷವು ಆರ್‌ಸಿಂಕಿಗೂ ಬರಬಹುದು. ‘ಮಾತೃಕೆಯಲ್ಲಿ ಇಲ್ಲದುದನ್ನು ಪ್ರತಿಯಲ್ಲಿಯೂ ಇರಗೊಡಬೇಡ’ ಎಂಬ ವಿಶೇಷಾಜ್ಞೆಯನ್ನು ಸೇರಿಸಿದರೆ, ಬೆಳಗ್ಗೆ ಕೈತಪ್ಪಿ ಅಳಿದ ಕಟ್ಟು ರಾತ್ರಿ ಎರಡು ಗಂಟೆಗೆ ಪ್ರತಿಯಿಂದಲೂ ಅಳಿಯುತ್ತದೆ. ಕನ್ನಡಿಯ ಬಿಂಬವು ಮನುಷ್ಯನು ಹೋದ ಮೇಲೆ ನಿಲ್ಲುವುದಿಲ್ಲವಷ್ಟೆ. ಆದಕಾರಣ ದಿನದ ಪ್ರತಿ, ವಾರದ ಪ್ರತಿ, ತಿಂಗಳ ಪ್ರತಿ ಎಂದು ಬೇರೆ ಬೇರೆ ತಲೆಮಾರುಗಳನ್ನು ಉಳಿಸುವ ಪದ್ಧತಿಯು ಬಂದಿದೆ. ಪಾಶ್ಚಾತ್ಯರು ಇದನ್ನು ತಾತ–ತಂದೆ–ಮಗ ಎಂಬ ಹೆಸರಿನಿಂದಲೇ ಕರೆಯುತ್ತಾರೆ. ಮಗನಲ್ಲಿ ದೋಷವು ಕಂಡರೆ ತಂದೆಯನ್ನು ಕೇಳುವುದು, ತಂದೆಯಲ್ಲಿಯೂ ಇದ್ದರೆ ತಾತನನ್ನು ಕೇಳುವುದು. ಶ್ರಾದ್ಧದಲ್ಲಿ ಮೂರು ತಲೆಮಾರುಗಳನ್ನು ಹೆಸರಿಸಿ ಕರೆಯುವವರಿಗೆ ಈ ಕ್ರಮದ ಮರ್ಮವು ಬೇಗ ತಿಳಿದೀತು.

೬

ಕನ್ನಡದವರು ವಿಶೇಷವಾಗಿ ಗಮನಿಸಬೇಕಾದ ಒಂದು ಸೂಕ್ಷ್ಮವುಂಟು. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಿಂದಲೇ ಕನ್ನಡಾಕ್ಷರಗಳಿಗೆ ಸಂಖ್ಯೆಗಳು ನಿಯತವಾಗಿವೆ. ಅದರಲ್ಲಿ ಒಕಾರದ ಚಿಹ್ನೆಗೆ ತನ್ನದೇ ಒಂದು ಸಂಖ್ಯೆಯಿದೆ. ಎಕಾರದ ಚಿಹ್ನೆಯನ್ನೂ ಊಕಾರದ ಚಿಹ್ನೆಯನ್ನೂ ಒಂದರ ಮುಂದೊಂದಾಗಿ ಇಟ್ಟರೂ ಅದೇ ಒಕಾರವು ಸಿದ್ಧಿಸುತ್ತದೆ. ‘ಕೊಡಗು’ ಎಂಬ ಕಡತದ ಹೆಸರನ್ನು ಈ ಎರಡು ವಿಧದಲ್ಲಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯೂನಿಕೋಡಿನ ಶಾಸ್ತ್ರದಂತೆಯೂ ಎರಡೂ ಸಮಾನ. ಆದರೆ ಸಂಖ್ಯೆಗಳನ್ನು ಮಾತ್ರ ಹೋಲಿಸುವ ಆಜ್ಞೆಗೆ ಇವು ಬೇರೆ ಬೇರೆ ಹೆಸರುಗಳು. ಈಕಾರ, ಏಕಾರ, ಐಕಾರ, ಓಕಾರಗಳಿಗೂ ಇದೇ ಸ್ಥಿತಿ. ಆಪಲ್ ಯಂತ್ರಗಳ ಹಿಂದಿನ ಕಡತವ್ಯವಸ್ಥೆಯು ಬಿಡಿಸಿದ ರೂಪವನ್ನೇ ಇಡುತ್ತಿತ್ತು. ಲಿನಕ್ಸ್ ಯಂತ್ರಗಳು ಕೊಟ್ಟ ರೂಪವನ್ನು ಕೊಟ್ಟಂತೆಯೇ ಇಡುತ್ತವೆ. ಒಂದರಿಂದ ಮತ್ತೊಂದಕ್ಕೆ ಪ್ರತಿಮಾಡುವಾಗ ಒಂದೇ ಕಟ್ಟು ಎರಡಾಗಿ ಕಾಣಬಹುದು, ಅಥವಾ ಇರುವ ಕಟ್ಟನ್ನು ಇಲ್ಲವೆಂದು ಬಗೆದು ಆಜ್ಞಾವಳಿಯು ಅದನ್ನು ಅಳಿಸಲೂಬಹುದು. ಸಂಧಿಯನ್ನು ಬಿಡಿಸಿದ ಮಾತ್ರಕ್ಕೆ ಅರ್ಥವು ಬೇರೆಯಾಯಿತೆಂದು ತಿಳಿಯುವ ವಿದ್ಯಾರ್ಥಿಯಂತೆ ಇದು ವರ್ತಿಸುತ್ತದೆ. ಪರಿಹಾರವು ಸುಲಭ: ಕಡತದ ಹೆಸರು ಭಂಡಾರದ ಕ್ರಮಸಂಖ್ಯೆಯಾಗಿರಲಿ, ಗ್ರಂಥದ ಹೆಸರನ್ನು ಸೂಚೀಪತ್ರದಲ್ಲಿ ಬರೆಯಲಿ, ಹೆಸರುಗಳು ಕನ್ನಡದಲ್ಲಿಯೇ ಬೇಕಾದರೆ, ಹೋಲಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಆಜ್ಞೆಯು ಆಜ್ಞಾವಳಿಯ ಮೊದಲ ಪಂಕ್ತಿಗಳಲ್ಲಿರಲಿ.

೭

ಇನ್ನು ಪ್ರಕೃತವಿಚಾರದ ಮುಖ್ಯಭಾಗಕ್ಕೆ ಬರೋಣ. ಲೇಖನ, ಗಣನೆ, ನ್ಯಾಸ ಈ ಮೂರನ್ನೂ ಆಜ್ಞಾವಳಿಯು ಮನುಷ್ಯನಿಗಿಂತ ಚೆನ್ನಾಗಿ ಮಾಡುತ್ತದೆ. ಶೋಧನದ ವಿಷಯವೇನು? ಎರಡು ದುರಂತಗಳ ವೃತ್ತಾಂತವನ್ನು ಇಲ್ಲಿ ಹೇಳುವುದು ಆವಶ್ಯಕ.

ಒಂದನೆಯದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯದು. ೨೦೧೭ರ ಜನವರಿ ೩೧ರಂದು ಅಲ್ಲಿಯ ಕಾರ್ಯಕರ್ತನೊಬ್ಬನು ಬೇರೊಂದು ಯಂತ್ರದಲ್ಲಿ ಕೊಡಬೇಕಾಗಿದ್ದ ಅಳಿಸುವ ಆಜ್ಞೆಯನ್ನು ಮುಖ್ಯ ಯಂತ್ರದಲ್ಲಿ ಕೊಟ್ಟನು. ಸುಮಾರು ೩೦೦ ಗಿಗಾಬೈಟ್ ದತ್ತಾಂಶದಲ್ಲಿ ನಾಲ್ಕೂವರೆ ಮಾತ್ರ ಉಳಿದಿರಲಾಗಿ ತಪ್ಪು ತಿಳಿಯಿತು. ದಿನವೂ ರಕ್ಷಾಪ್ರತಿಯನ್ನು ಮಾಡುವ ಆಜ್ಞಾವಳಿಯಿತ್ತಷ್ಟೆ, ಅದರ ಫಲವನ್ನು ತೆಗೆದು ನೋಡಲು ಅಲ್ಲಿ ಏನೂ ಇರಲಿಲ್ಲ. ಸಾಧನದ ಆವೃತ್ತಿಯೂ ದತ್ತಾಂಶದ ಆವೃತ್ತಿಯೂ ಹೊಂದದೆ ಆಜ್ಞೆಯು ಪ್ರತಿದಿನವೂ ವಿಫಲವಾಗುತ್ತಿತ್ತು; ವೈಫಲ್ಯವನ್ನು ತಿಳಿಸುವ ಇ-ಮೇಲ್ ಓಲೆಗಳೂ ದಾರಿಯಲ್ಲಿಯೇ ತಿರಸ್ಕೃತವಾಗುತ್ತಿದ್ದುವು. ಕೊನೆಗೆ ಕಾಪಾಡಿದುದು, ಕಾರ್ಯಕರ್ತನೊಬ್ಬನು ಬೇರೊಂದು ಉದ್ದೇಶಕ್ಕಾಗಿ ಆರು ಗಂಟೆಗಳ ಹಿಂದೆ ಕೈಯಿಂದ ತೆಗೆದಿದ್ದ ಒಂದು ಪ್ರತಿ.

ಎರಡನೆಯದು ವಿದ್ಯಾಸಂಸ್ಥೆಯಲ್ಲಿಯೇ ನಡೆದುದರಿಂದ ನಮಗೆ ಇನ್ನೂ ಹತ್ತಿರ. ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದಲ್ಲಿ ೨೦೨೧ರ ಡಿಸೆಂಬರ್ ೧೪ರಿಂದ ೧೬ರವರೆಗೆ ಸುಮಾರು ೭೭ ಟೆರಾಬೈಟ್ ಪ್ರಮಾಣದ, ಮೂರು ಕೋಟಿ ನಲವತ್ತು ಲಕ್ಷದಷ್ಟು ಕಡತಗಳು ಅಳಿದುಹೋದುವು. ಹದಿನಾಲ್ಕು ಸಂಶೋಧಕ ತಂಡಗಳಿಗೆ ಇದರ ಬಾಧೆಯು ತಟ್ಟಿತು. ನಾಲ್ಕು ತಂಡಗಳ ಕಡತಗಳನ್ನು ಮತ್ತೆ ಪಡೆಯುವುದಕ್ಕೆ ಆಗಲಿಲ್ಲ. ಅಳಿಸಿದುದು ಶತ್ರುವಲ್ಲ, ಕಳ್ಳನಲ್ಲ. ರಕ್ಷಾಪ್ರತಿಯನ್ನು ಮಾಡುವ ಆಜ್ಞಾವಳಿಯೇ ಅಳಿಸಿತು. ಹಳೆಯ ದಿನಚರಿಗಳನ್ನು ತೆಗೆದುಹಾಕುವ ಒಂದು ಆಜ್ಞೆಯು ಅದರಲ್ಲಿತ್ತು. ಆಜ್ಞಾವಳಿಯು ನಡೆಯುತ್ತಿರುವಾಗಲೇ ಅದನ್ನು ತಿದ್ದಿದ ಹೊಸ ಪಾಠವನ್ನು ಅದರ ಸ್ಥಾನದಲ್ಲಿ ಇಟ್ಟರು. ಶೆಲ್ ಆಜ್ಞಾವಳಿಯನ್ನು ಪೂರ್ತಿಯಾಗಿ ಮೊದಲೇ ಓದಿಕೊಳ್ಳದೆ ಸ್ವಲ್ಪಸ್ವಲ್ಪ ಓದುತ್ತ ನಡೆಸುವುದರಿಂದ, ಅರ್ಧ ಹಳೆಯ ಪಾಠವೂ ಅರ್ಧ ಹೊಸ ಪಾಠವೂ ಸೇರಿದಂತಾಯಿತು. ಯಾವ ಸ್ಥಳದಲ್ಲಿ ಅಳಿಸಬೇಕೆಂಬುದನ್ನು ಹೇಳುವ ಪದಕ್ಕೆ ಅರ್ಥವೇ ಇಲ್ಲದೆ ಹೋಯಿತು. ಮನುಷ್ಯನಾದರೆ ‘ಯಾವ ಸ್ಥಳದಲ್ಲಿ?’ ಎಂದು ಕೇಳುತ್ತಿದ್ದನು. ಯಂತ್ರವು ಕೇಳಲಿಲ್ಲ.

ಇವೆರಡರಲ್ಲಿಯೂ ಬರೆಯುವವನಿದ್ದನು, ಓದುವವನಿರಲಿಲ್ಲ. ಕೌಟಿಲ್ಯನು ಲೇಖಕನಿಗೆ ಓದಬಲ್ಲ ಸಾಮರ್ಥ್ಯವನ್ನು ಬೇರೆಯಾಗಿ ವಿಧಿಸಿದುದರ ತಾತ್ಪರ್ಯವು ಇಲ್ಲಿ ವಿಶದವಾಗುತ್ತದೆ. ಆಜ್ಞಾವಳಿಯು ಶೀಘ್ರಲೇಖಕ, ಚಾರ್ವಕ್ಷರ, ಸಮಯಜ್ಞ. ಆದರೆ ತಾನು ಬರೆದುದನ್ನು ಅರಿತು ಓದಲಾರದು. ಮುದ್ರೆಗಳನ್ನು ಹೋಲಿಸಿ ಎರಡೂ ಒಂದೇ ಎಂದು ಹೇಳೀತು. ಮಾತೃಕೆಯ ಚಿತ್ರವೇ ಕಪ್ಪಾಗಿ ಬಂದಿದ್ದರೆ ಪ್ರತಿಯೂ ಅಷ್ಟೇ ನಿಷ್ಠೆಯಿಂದ ಕಪ್ಪಾಗಿರುವುದೆಂಬುದು ಅದಕ್ಕೆ ತಿಳಿಯದು.

ಕೆಲವು ಕಟ್ಟುಪಾಡುಗಳಿಂದ ಆಜ್ಞಾವಳಿಯನ್ನು ವಿನೀತವನ್ನಾಗಿ ಮಾಡಬಹುದು. ಅರ್ಥವಿಲ್ಲದ ಪದವು ಬಂದೊಡನೆ ನಿಲ್ಲಬೇಕೆಂಬ ಆಜ್ಞೆಯನ್ನು ಆರಂಭದಲ್ಲಿಯೇ ಬರೆಯಬಹುದು. ನಿಜವಾಗಿ ಮಾಡುವ ಮೊದಲು, ಏನು ಮಾಡುವೆನೆಂಬುದನ್ನು ಮಾತ್ರ ಬರೆದು ತೋರಿಸುವಂತೆ ಆರ್‌ಸಿಂಕಿಗೆ ವಿಧಿಸಬಹುದು. ಪ್ರತಿಯೊಂದು ಆಜ್ಞೆಯೂ ಮುಗಿದ ಮೇಲೆ ಒಂದು ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಸೊನ್ನೆಯಾದರೆ ನಿರ್ದೋಷ, ಬೇರೆಯಾದರೆ ದೋಷ. ಆರ್‌ಸಿಂಕ್ ೨೩ ಎಂದು ಹೇಳಿದರೆ ಕೆಲವು ಕಡತಗಳು ಸಾಗಲಿಲ್ಲವೆಂದು ಅರ್ಥ. ಈ ಸಂಖ್ಯೆಯನ್ನು ಕೇಳದ ಆಜ್ಞಾವಳಿಯು, ಕರ್ಮವು ಕೆಟ್ಟರೂ ಪೂರ್ಣಾಹುತಿಯನ್ನು ಕೊಟ್ಟು ಏಳುವ ಪುರೋಹಿತನಂತೆ. ನಡೆಯುತ್ತಿರುವ ಆಜ್ಞಾವಳಿಯನ್ನು ತಿದ್ದಬಾರದೆಂಬುದು ಕ್ಯೋಟೋದಿಂದ ಕಲಿತ ಪಾಠ. ದೋಷದ ಸುದ್ದಿಯು ಮಾತ್ರವಲ್ಲದೆ ನಿರ್ದೋಷದ ಸುದ್ದಿಯೂ ಬರಬೇಕು. ಮೌನವನ್ನು ಕುಶಲವೆಂದು ತಿಳಿಯಬಾರದು ಎಂಬುದು ಗಿಟ್‌ಲ್ಯಾಬಿನಿಂದ ಕಲಿತ ಪಾಠ.

೮

ಇವೆಲ್ಲ ಆದ ಮೇಲೆಯೂ ಶೋಧಕನ ಸ್ಥಾನವು ಖಾಲಿಯಾಗಿಯೇ ಉಳಿಯುತ್ತದೆ; ಅದನ್ನು ಮನುಷ್ಯನಿಂದಲೇ ತುಂಬಬೇಕು. ಓಲೆಗಳನ್ನು ಚಿತ್ರಗಳನ್ನಾಗಿ ಮಾಡುವ ಪ್ರತಿಯೊಂದು ಭಂಡಾರವೂ, ಅದು ವಿಶ್ವವಿದ್ಯಾನಿಲಯದ್ದಾಗಲಿ ಹಳ್ಳಿಯ ಮಠದ್ದಾಗಲಿ, ತಿಂಗಳಿಗೊಂದು ದಿನವನ್ನು ಶೋಧನಕ್ಕಾಗಿ ಗೊತ್ತುಮಾಡಬೇಕೆಂಬುದು ಈ ಲೇಖನದ ನಿರ್ಣಯ. ಆ ದಿನ ಚೀಟಿಯೆತ್ತಿ ಒಂದು ಕ್ರಮಸಂಖ್ಯೆಯನ್ನು ಆರಿಸಬೇಕು. ಮುಖ್ಯ ಯಂತ್ರವನ್ನು ಮುಟ್ಟದೆ, ದೂರದ ಊರಿನ ರಕ್ಷಾಪ್ರತಿಯಿಂದಲೇ ಆ ಕಟ್ಟನ್ನು ಬೇರೊಂದು ಯಂತ್ರಕ್ಕೆ ತರಿಸಬೇಕು. ಭಂಡಾರದಿಂದ ಆ ಓಲೆಯ ಕಟ್ಟನ್ನು ತಂದು ಬಿಚ್ಚಬೇಕು. ಲಿಪಿಯನ್ನು ಬಲ್ಲ ಒಬ್ಬನು ಓಲೆಯನ್ನು ಓದಬೇಕು, ಮತ್ತೊಬ್ಬನು ಚಿತ್ರವನ್ನು ನೋಡಬೇಕು. ಗರಿಗಳ ಸಂಖ್ಯೆಯು ಹೊಂದಿತೆ, ಅಕ್ಷರವು ಓದಲು ಬರುತ್ತದೆಯೆ, ತರಿಸಲು ಎಷ್ಟು ಹೊತ್ತು ಹಿಡಿಯಿತು ಎಂಬ ಮೂರನ್ನು ಪುಸ್ತಕದಲ್ಲಿ ಬರೆದು ಇಬ್ಬರೂ ರುಜು ಹಾಕಬೇಕು. ಇದಕ್ಕೆ ಹಣವು ಹೆಚ್ಚು ಬೇಡ. ತಿಂಗಳಿಗೆ ಇಬ್ಬರ ಅರ್ಧ ದಿನವು ಸಾಕು.

ಇದರಲ್ಲಿ ಮತ್ತೊಂದು ಲಾಭವೂ ಇದೆ. ಯಂತ್ರವನ್ನು ಬಲ್ಲ ತರುಣರಿಗೆ ನಮ್ಮ ನಗರದಲ್ಲಿ ಕೊರತೆಯಿಲ್ಲ. ಗ್ರಂಥ, ನಂದಿನಾಗರಿ, ತಿಗಳಾರಿ ಲಿಪಿಗಳನ್ನು ಸರಾಗವಾಗಿ ಓದಬಲ್ಲವರು ದಿನದಿನಕ್ಕೆ ವಿರಳರಾಗುತ್ತಿದ್ದಾರೆ. ಅವರು ಇಲ್ಲವಾದ ದಿನ ಕಡತಗಳ ಮುದ್ರೆಗಳೆಲ್ಲ ಸರಿಯಾಗಿದ್ದರೂ, ಆಜ್ಞೆಗಳೆಲ್ಲ ಸೊನ್ನೆಯನ್ನೇ ಹಿಂದಿರುಗಿಸಿದರೂ, ಗ್ರಂಥವು ಉಳಿದಿದೆಯೆಂದು ಹೇಳುವವರು ಯಾರೂ ಇರುವುದಿಲ್ಲ. ತರುಣನೂ ಪಂಡಿತನೂ ತಿಂಗಳಿಗೊಮ್ಮೆ ಒಂದೇ ಮಣೆಯ ಎರಡು ಕಡೆ ಕುಳಿತರೆ, ಯಂತ್ರದ ಪ್ರತಿಯೊಡನೆ ಲಿಪಿಜ್ಞಾನದ ಪ್ರತಿಯೂ ಒಂದು ತಲೆಯಿಂದ ಮತ್ತೊಂದು ತಲೆಗೆ ಇಳಿಯುವುದು.

ಅತ್ತಿಮಬ್ಬೆಯು ಸಾವಿರ ಪ್ರತಿಗಳನ್ನು ಬರೆಯಿಸಿ ಒಂದು ಮನೆಯಲ್ಲಿ ಕೂಡಿಡಲಿಲ್ಲ, ಹಂಚಿದಳು. ಹಂಚಿದ ಪ್ರತಿಯನ್ನು ಓದುವವರಿದ್ದರು. ಓದಿದವರು ಸವೆದ ಓಲೆಯಿಂದ ಹೊಸ ಓಲೆಗೆ ಇಳಿಸಿಕೊಂಡರು. ಆ ಸಾವಿರದಲ್ಲಿ ಒಂದಾದರೂ ಇಂದು ಇದೆಯೆಂದು ಹೇಳಲಾಗದು, ಶಾಂತಿಪುರಾಣವು ಇದೆ. ಮೇಲೆ ಸೂಚಿಸಿದ ಶೋಧನಕ್ರಮದಲ್ಲಿ ನ್ಯೂನತೆಗಳಿದ್ದರೆ ವಿದ್ವಾಂಸರು ವಿಚಾರಿಸಿ ತಿದ್ದಬೇಕಾಗಿಯೂ, ಭಂಡಾರಗಳ ಅಧಿಕಾರಿಗಳು ತಮ್ಮಲ್ಲಿ ಅದನ್ನು ಒಂದು ವರ್ಷ ನಡೆಸಿ ಫಲವನ್ನು ಪ್ರಕಟಿಸಬೇಕಾಗಿಯೂ ಪ್ರಾರ್ಥಿಸುತ್ತೇವೆ.